ಅಕ್ಕ ಒಪ್ಪಿಕೊಂಡ ರಾಜಿ

ಭಾವ ಕಾಣೆಯಾದದ್ದು ತೊಂಬತ್ತರ ದಶಕದ ಮೊದಲಲ್ಲಿ. ಆಫೀಸಿನ ಕೆಲಸವೆಂದು ರೈಲು ಹತ್ತಿದವರು ಹೋಗಬೇಕಾದ ಊರನ್ನು ತಲುಪಲಿಲ್ಲ, ಹಿಂದಕ್ಕೂ ಬರಲಿಲ್ಲ. ಮನೆಯಲ್ಲಿ ಜಗಳವಿರಲಿಲ್ಲ, ಅವರಿಗೆ ಕಾಯಿಲೆಯೂ ಇರಲಿಲ್ಲ. ಪೊಲೀಸರು ಹುಡುಕಿದರು, ನಾವೂ ಹುಡುಕಿದೆವು. ಏನೂ ಸಿಗಲಿಲ್ಲ.

ಏಳು ವರ್ಷ ಸುದ್ದಿಯೇ ಇಲ್ಲದ ಮನುಷ್ಯನನ್ನು ಸತ್ತನೆಂದು ಕೋರ್ಟು ಘೋಷಿಸಬಹುದು ಎಂದು ವಕೀಲರು ಹೇಳಿದರು. ಏಳು ವರ್ಷ ತುಂಬಿದ ಮೇಲೆ ಅಕ್ಕ ನಮ್ಮ ಊರಿನ ಸಿವಿಲ್ ಕೋರ್ಟಿನಲ್ಲಿ ದಾವೆ ಹೂಡಿದಳು. ಡೈವೋರ್ಸ್ ಕೇಳಿದರೆ ಇನ್ನೂ ಸುಲಭ ಎಂದೂ ಅವರು ಹೇಳಿದ್ದರು. ಅದಕ್ಕೆ ಅಕ್ಕ ಒಪ್ಪಲಿಲ್ಲ.

"ಅವರು ನನ್ನನ್ನ ಬಿಟ್ಟು ಹೋಗಲಿಲ್ಲ ಕಣೇ, ಕಾಣೆ ಆದರು. ಬಿಟ್ಟು ಹೋದರು ಅಂತ ನಾನೇ ಬರೆದುಕೊಡಲಾ?"

ಆಮೇಲೆ ಅವಳು ಸಿಂಗಪುರಕ್ಕೆ ಬಂದಳು. ನಾನು, ನನ್ನ ಗಂಡ ಅಲ್ಲಿನ ಬಿಶಾನ್‌ನಲ್ಲಿದ್ದೆವು. ಅವಳಿಗೆ ಉಬಿ ಎಂಬಲ್ಲಿನ ಒಂದು ಕಂಪನಿಯಲ್ಲಿ ಅಕೌಂಟ್ಸ್ ಕೆಲಸ ಸಿಕ್ಕಿತು. ನಮ್ಮ ಫ್ಲ್ಯಾಟಿನ ಒಂದು ಕೋಣೆ ಅವಳದಾಯಿತು. ಆಗ ನಮ್ಮ ಕಿಟಕಿಯ ಕೆಳಗೆ ಎಂಆರ್‌ಟಿ ರೈಲಿನ ಹೊಸ ಮಾರ್ಗಕ್ಕೆ ನೆಲ ಅಗೆಯುತ್ತಿದ್ದರು. ಧೂಳಿಗೆಂದು ಕಿಟಕಿ ಮುಚ್ಚಿಕೊಂಡು, ಅಕ್ಕ ಪ್ರತಿ ತಿಂಗಳು ಊರಿನ ವಕೀಲರಿಗೆ ಫೋನ್ ಮಾಡುತ್ತಿದ್ದಳು. ನ್ಯಾಯಾಧೀಶರಿಗೆ ವರ್ಗವಾಗಿದೆ. ಹೊಸಬರು ಬಂದಿಲ್ಲ. ಹೊಸಬರು ಬಂದಿದ್ದಾರೆ, ಆದರೆ ಫೈಲು ಬೇರೆ ಕೋರ್ಟಿಗೆ ಹೋಗಿದೆ. ಫೈಲು ವಾಪಸು ಬಂದಿದೆ, ಆದರೆ ರಜೆ ಶುರುವಾಗಿದೆ. ಎರಡು ಸಲ ಅವಳು ಸಾಕ್ಷಿ ಹೇಳಲು ರಜೆ ಹಾಕಿ ಊರಿಗೆ ಹೋದಳು. ಎರಡು ಸಲವೂ ಸಂಜೆಯವರೆಗೆ ಕೋರ್ಟಿನ ಜಗಲಿಯಲ್ಲಿ ಕೂತು, ಯಾರೂ ಹೆಸರು ಕರೆಯದೆ, ವಾಪಸು ಬಂದಳು.

ದಾವೆಗೆ ತಕರಾರು ಹಾಕಿದ್ದವರು ಅಕ್ಕನ ಅತ್ತೆ. ಅವರ ಪರವಾಗಿ ಓಡಾಡುತ್ತಿದ್ದವನು ಅಕ್ಕನ ಮೈದುನ. ಅತ್ತೆಯನ್ನು ಕೆಟ್ಟವರೆಂದು ಹೇಳಲು ನನಗೆ ಬಾಯಿ ಬರುವುದಿಲ್ಲ. ಅಕ್ಕ ಊರು ಬಿಡುವಾಗ ಅವರು ಕೇಳಿಕೊಂಡದ್ದು ಒಂದೇ: "ನನ್ನ ಮಗ ಇದ್ದಾನೆ. ನಾನು ಕಣ್ಣು ಮುಚ್ಚೋವರೆಗೂ ಕುಂಕುಮ ಅಳಿಸಬೇಡಮ್ಮ."

ಅಕ್ಕ ಅಳಿಸಲಿಲ್ಲ. ತಾಳಿಯನ್ನೂ ತೆಗೆಯಲಿಲ್ಲ. ಸಿಂಗಪುರದಲ್ಲಿ ಅದರಿಂದ ಅನುಕೂಲವೂ ಇತ್ತು. ವರಮಹಾಲಕ್ಷ್ಮಿ ಹಬ್ಬಕ್ಕೆ ಯಾರದೋ ಕಾಂಡೋ ಫ್ಲ್ಯಾಟಿನಲ್ಲಿ ಅರಿಶಿನ ಕುಂಕುಮಕ್ಕೆ ಕರೆದಾಗ ಪ್ರತಿಯೊಬ್ಬರಿಗೂ ಕಥೆ ಹೇಳಬೇಕಾಗಿರಲಿಲ್ಲ. "ಅಂಕಲ್ ಎಲ್ಲಿದ್ದಾರೆ ಆಂಟಿ?" ಎಂದು ಯಾರಾದರೂ ಕೇಳಿದರೆ "ಊರಲ್ಲಿ" ಎನ್ನುತ್ತಿದ್ದಳು. ಹಬ್ಬದ ದಿನ ತೆಗೆದ ಫೋಟೋವನ್ನು ವರ್ಷವರ್ಷವೂ ಅತ್ತೆಗೆ ಕಳಿಸುತ್ತಿದ್ದಳು. ಮುದುಕಿಗೆ ಸಮಾಧಾನವಾಗಲಿ ಎಂದು.

ಒಂದು ದಿನ ಆ ಫೋಟೋಗಳೆಲ್ಲ ಕೋರ್ಟಿಗೆ ಬಂದವು. ತಾಳಿ, ಕುಂಕುಮ, ಕಾಲುಂಗುರ. ಗಂಡ ಬದುಕಿದ್ದಾನೆಂದು ವಾದಿಯೇ ನಂಬಿದ್ದಾಳೆ, ಇಲ್ಲಿಯವರೆಗೆ ತಿಥಿಯನ್ನೂ ಮಾಡಿಸಿಲ್ಲ ಎಂದು ಎದುರು ವಕೀಲರು ವಾದಿಸಿದರು. ತಿಥಿಯ ವಿಚಾರವನ್ನು ಅಕ್ಕ ಊರಿನ ಪುರೋಹಿತರ ಹತ್ತಿರ ಎತ್ತಿದ್ದುಂಟು. ಅವರು, "ಕೋರ್ಟ್ ಹೇಳಲಿ ತಾಯಿ, ಬದುಕಿರೋರಿಗೆ ಪಿಂಡ ಇಟ್ಟರೆ ನನಗೆ ಪಾಪ" ಎಂದಿದ್ದರು. ಪುರೋಹಿತರು ಕೋರ್ಟಿಗಾಗಿ ಕಾದಿದ್ದರು, ಕೋರ್ಟು ಪುರೋಹಿತರಿಗಾಗಿ ಕಾಯುತ್ತಿತ್ತು.

ಅಷ್ಟರಲ್ಲಿ ಅಕ್ಕನ ಬದುಕಿನಲ್ಲಿ ಇನ್ನೊಬ್ಬರು ಬಂದಿದ್ದರು. ಧಾರವಾಡದ ಕಡೆಯವರು, ಲಿಂಗಾಯತರು, ಹೆಂಡತಿ ತೀರಿಕೊಂಡಿದ್ದರು. ಜುರಾಂಗ್‌ನ ಕಾರ್ಖಾನೆಯೊಂದರಲ್ಲಿ ಎಂಜಿನಿಯರ್, ಮನೆ ಬೂನ್ ಲೇಯಲ್ಲಿ. ಅವರನ್ನು ಏನೆಂದು ಕರೆಯಬೇಕೆಂದು ಯಾರಿಗೂ ತಿಳಿಯದೆ, ನಮ್ಮ ಮನೆಯಲ್ಲಿ ಅವರು 'ಬೂನ್ ಲೇಯವರು' ಆಗಿಬಿಟ್ಟರು. ಭಾನುವಾರ ಶೇಂಗಾ ಚಟ್ನಿಪುಡಿಯ ಡಬ್ಬ ಹಿಡಿದು ದ್ವೀಪದ ಆ ತುದಿಯಿಂದ ರೈಲಿನಲ್ಲಿ ಬರುತ್ತಿದ್ದರು. "ಅತ್ತಿಗೆ, ನಿಮ್ಮ ಬೂನ್ ಲೇ ಒಂದು ಸ್ಟಾಪ್ ಹಿಂದೆ ಇದೆಯಂತೆ, ಚಹಾಕ್ಕೆ ಇಡ್ತೀರಾ?" ಎಂದು ನನ್ನ ಗಂಡ ಅಕ್ಕನನ್ನು ಗೋಳುಹೊಯ್ದುಕೊಳ್ಳುತ್ತಿದ್ದರು. ಮದುವೆ ರಿಜಿಸ್ಟರ್ ಮಾಡಿಸಲು ಇಬ್ಬರೂ ವಿಚಾರಿಸಿದ್ದರು. ಮೊದಲ ಗಂಡ ಸತ್ತಿರುವುದಕ್ಕೆ ಪುರಾವೆ ಬೇಕೆಂದು ಕಚೇರಿಯವರು ಹೇಳಿದ್ದರು. ಕೋರ್ಟಿನ ಡಿಕ್ರಿ ಬಾರದೆ ಮದುವೆಯಿಲ್ಲ.

ಆಗ ಅಕ್ಕ ಮಾನವ ಹಕ್ಕುಗಳ ಆಯೋಗಕ್ಕೆ ದೂರು ಬರೆದಳು. ಕೋರ್ಟಿನಲ್ಲಿರುವ ವಿಷಯಕ್ಕೆ ಆಯೋಗ ಕೈ ಹಾಕುವುದಿಲ್ಲ ಎಂದು ಎಲ್ಲರೂ ಹೇಳಿದರು. ತೀರ್ಪು ಏನಿರಬೇಕೆಂದು ತಾನು ಕೇಳುತ್ತಿಲ್ಲ, ಒಂದು ತೀರ್ಪಿಗಾಗಿ ಮನುಷ್ಯರು ಎಷ್ಟು ವರ್ಷ ಕಾಯಬೇಕು ಎಂದಷ್ಟೇ ಕೇಳುತ್ತಿದ್ದೇನೆ ಎಂದು ಅವಳು ಬರೆದಿದ್ದಳು. ದೂರು ದಾಖಲಾಯಿತು. ಅದೂ ಒಂದೂವರೆ ವರ್ಷ ನಡೆಯಿತು. ಕೊನೆಗೆ ಸರ್ಕಾರದ ಕಡೆಯಿಂದ ರಾಜಿಯ ಕರಡು ಬಂತು. ವಿಳಂಬವಾಗಿರುವುದು ನಿಜ, ದಾವೆಯನ್ನು ನ್ಯಾಯಾಧೀಶರಿರುವ ಬೇರೊಂದು ನ್ಯಾಯಾಲಯಕ್ಕೆ ವಹಿಸಿ ಮೂರು ತಿಂಗಳಲ್ಲಿ ಮುಗಿಸಲು ಕ್ರಮ ಕೈಗೊಳ್ಳಲಾಗುವುದು, ಅರ್ಜಿದಾರರು ದೂರನ್ನು ಹಿಂಪಡೆಯಬೇಕು. ಅದರ ಕೆಳಗೆ ಇನ್ನೊಂದು ಸಾಲಿತ್ತು: ಈ ವಿಳಂಬಕ್ಕೆ ಅರ್ಜಿದಾರರ ಸ್ವಂತ ನಡವಳಿಕೆಯೂ ಭಾಗಶಃ ಕಾರಣವಾಗಿರುತ್ತದೆ.

ಅದೊಂದು ಭಾನುವಾರದ ಮಧ್ಯಾಹ್ನ. ಊಟದ ಮೇಜಿನ ಮೇಲೆ ಫೋನಿನ ಸ್ಪೀಕರ್ ಹಾಕಿ ವಕೀಲರೊಡನೆ ಮಾತಾಡಿದೆವು.

"ನನ್ನ ಯಾವ ನಡವಳಿಕೆ ಸಾರ್?" ಎಂದು ಅಕ್ಕ ಕೇಳಿದಳು.

"ಅದೇ ಮೇಡಂ, ಫೋಟೋದ್ದು. ಪೂರ್ತಿ ನಮ್ಮದೇ ತಪ್ಪು ಅಂತ ಯಾವ ಇಲಾಖೆ ಬರೆದುಕೊಡುತ್ತೆ ಹೇಳಿ? ಅವರಿಗೂ ಏನಾದ್ರೂ ಒಂದು ಬೇಕಲ್ಲ."

"ತೆಗೆಸೋಕೆ ಆಗಲ್ವಾ?"

"ಕೇಳಬಹುದು. ಫೈಲ್ ಮತ್ತೆ ಇಲಾಖೆಗೆ ಹೋಗುತ್ತೆ. ಅವರು ಇನ್ನೊಬ್ಬರ ಅಭಿಪ್ರಾಯ ಕೇಳ್ತಾರೆ. ಯಾವಾಗ ಬರುತ್ತೆ ಅಂತ ನಾನು ಹೇಳಲಾರೆ. ನೀವೇ ಡಿಸೈಡ್ ಮಾಡಿ ಮೇಡಂ."

ಫೋನ್ ಇಟ್ಟ ಮೇಲೆ ಮೊದಲು ಬಾಯಿಬಿಟ್ಟವರು ಬೂನ್ ಲೇಯವರು. ಸಾಮಾನ್ಯವಾಗಿ ನಮ್ಮೆದುರು ನಮ್ಮ ಹಾಗೆಯೇ ಮಾತಾಡುವವರು ಅಂದು ತಮ್ಮ ಊರಿನ ಮಾತಿಗೆ ಜಾರಿದರು.

"ಬ್ಯಾಡ್ರೀ. ಆ ಸಾಲಿಗೆ ಸಹಿ ಹಾಕಬ್ಯಾಡ್ರಿ. ನೀವೇನ್ ತಪ್ಪು ಮಾಡೀರಿ? ಇನ್ನೊಂದ್ ವರ್ಷ ಕಾಯೋಣಂತ."

"ನೀವು ಎಷ್ಟು ವರ್ಷದಿಂದ ಕಾಯ್ತಿದೀರಿ?"

"ನಾಲ್ಕು ಆತು."

"ನಾಲ್ಕು!" ಅಕ್ಕ ನಕ್ಕಳು. "ನೀವಿನ್ನೂ ಪ್ರೈಮರಿ ಸ್ಕೂಲ್ ರೀ. ಅದಕ್ಕೇ ಇನ್ನೊಂದು ವರ್ಷ ಅಂತ ಇಷ್ಟು ಸುಲಭವಾಗಿ ಹೇಳ್ತೀರಿ."

ನನಗೆ ತಡೆಯಲಾಗಲಿಲ್ಲ. "ಅಕ್ಕ, ಅದು ಸುಳ್ಳಲ್ವಾ? ಸುಳ್ಳಿಗೆ ಯಾಕೆ ಸೈನ್ ಮಾಡ್ತೀಯ?"

"ಸುಳ್ಳೂ ಅಲ್ಲ ಕಣೇ. ಕುಂಕುಮ ಇಟ್ಟುಕೊಂಡೆ ತಾನೆ? ಫೋಟೋ ಕಳಿಸಿದೆ ತಾನೆ? ಯಾಕೆ ಅಂತ ಅವರು ಕೇಳಲಿಲ್ಲ, ಅಷ್ಟೆ. ಈಗ ಕೇಳಿದರೆ ಹೇಳೋ ಶಕ್ತಿ ನನಗೂ ಇಲ್ಲ."

ಸಹಿ ಹಾಕಿದಳು. ಸಾಕ್ಷಿಯ ಜಾಗದಲ್ಲಿ ನಾನು ಹಾಕಿದೆ. ಬೂನ್ ಲೇಯವರು ಎದ್ದು ಬಾಲ್ಕನಿಗೆ ಹೋಗಿ ನಮಗೆ ಬೆನ್ನು ಹಾಕಿ ನಿಂತರು.

ಮೂರು ತಿಂಗಳೆಂದದ್ದು ಐದಾಯಿತು. ಆದರೂ ತೀರ್ಪಾಯಿತು. ಅಕ್ಕನಿಗೆ ವಕೀಲರ ಫೋನ್ ಬಂದಾಗ ಅವಳು ಉಬಿಯ ಆಫೀಸಿನಲ್ಲಿದ್ದಳು. ಕೆಲಸ ಮುಗಿಸಿಯೇ ಮನೆಗೆ ಬಂದಳು. ಸುದ್ದಿ ತಿಳಿದು ಬೂನ್ ಲೇಯವರು ಅವಳಿಗಿಂತ ಮೊದಲೇ ಬಂದು ಕೂತಿದ್ದರು, ಹೊಸ ಅಂಗಿ ತೊಟ್ಟು. ಅವಳು ಬಾಗಿಲಲ್ಲಿ ಕಾಣಿಸಿದಾಗ ಗೆದ್ದವಳಿಗೆ ಹೇಳುವ ಮಾತು ಬಾಯಿಗೆ ಬಂದು ಅಲ್ಲಿಯೇ ನಿಂತಿತು. ನಾವು ಕೇಳಿದ್ದು ಭಾವ ಸತ್ತರೆಂದು ಹೇಳಿ ಎಂದಲ್ಲವೆ? ಹೇಳಿದ್ದರು.

ಅಕ್ಕ ಚಪ್ಪಲಿ ಬಿಟ್ಟು ಅಲ್ಲಿಯೇ ನಿಂತು ಊರಿಗೆ ಫೋನ್ ಮಾಡಿದಳು. ಎತ್ತಿದವನು ಮೈದುನ. ಕೋರ್ಟಿನಲ್ಲಿ ಇಷ್ಟು ವರ್ಷ ಎದುರಿಗೆ ನಿಂತವನ ಧ್ವನಿ ಆ ಹೊತ್ತಿಗೆ ಬರೀ ಅಣ್ಣನನ್ನು ಕಳೆದುಕೊಂಡ ತಮ್ಮನ ಧ್ವನಿಯಾಗಿತ್ತು. ಪಕ್ಕದಲ್ಲಿದ್ದ ನನಗೂ ಕೇಳಿಸುತ್ತಿತ್ತು.

"ಅತ್ತೆ ಸ್ನಾನ ಮಾಡಿದರಾ?" ಎಂದು ಅಕ್ಕ ಕೇಳಿದಳು.

"ಇಲ್ಲ ಅತ್ತಿಗೆ. ಯಾರು ಸತ್ತಿದ್ದಾರೆ ಅಂತ ಸ್ನಾನ ಮಾಡಲಿ ಅಂತ ಕೂತಿದ್ದಾರೆ. ನಾನು ಏನೂ ಹೇಳೋಕೆ ಹೋಗಲಿಲ್ಲ."

"ಹೇಳಬೇಡ. ಅವರು ಮಾಡೋದು ಬೇಡ. ನಾನು ಮಾಡ್ತೀನಿ."

ಬೂನ್ ಲೇಯವರು ಎದ್ದು ಅವಳ ಹತ್ತಿರ ಬರಲು ಹೊರಟರು. ಅಕ್ಕ ಕೈ ಎತ್ತಿ ತಡೆದಳು.

"ಮುಟ್ಟಬೇಡಿ. ಸೂತಕ."

"ನಮ್ಮಲ್ಲಿ ಸೂತಕ ಇಲ್ಲರೀ" ಎಂದರು ಅವರು, ಮೆಲ್ಲಗೆ.

"ನಮ್ಮಲ್ಲಿದೆ. ಹತ್ತು ದಿನ ಬರಬೇಡಿ. ಇಷ್ಟು ವರ್ಷ ಅವರಿಗಾಗಿ ಯಾರೂ ಅತ್ತಿಲ್ಲ, ಅಳೋಕೆ ಪರ್ಮಿಶನ್ ಇರಲಿಲ್ಲ. ಆಮೇಲೆ ಬನ್ನಿ."

ಅವಳು ತಲೆಯ ಮೇಲೆ ನೀರು ಹಾಕಿಕೊಳ್ಳಲು ಒಳಗೆ ಹೋದಳು. ಬಚ್ಚಲಿನಲ್ಲಿ ನೀರಿನ ಸದ್ದು ಶುರುವಾಯಿತು. ನೀರಿನ ಸದ್ದಿನ ಜೊತೆ ಬೇರೆ ಸದ್ದೂ ಬಂತು. ಬೂನ್ ಲೇಯವರು ಬಗ್ಗಿ ಶೂ ಹಾಕಿಕೊಂಡರು, ಲೇಸು ಕಟ್ಟಲು ತುಂಬ ಹೊತ್ತು ಹಿಡಿಯಿತು.

"ಹತ್ತು ದಿನ ತಾನೆ" ಎಂದು ನನಗೆ ಹೇಳಿ ಲಿಫ್ಟಿನ ಕಡೆಗೆ ಹೋದರು.