ಬೇಡವಾದ ಬ್ಯಾಗಿಗೆ ಚೌಕಾಸಿ

“ಅಣ್ಣಾರ, ಈ ಬ್ಯಾಗ ಅಷ್ಟ ದೂರ ತಾಳಂಗಿಲ್ಲ ಅಂತ ಹೇಳಿಬಿಡ್ರಿ. ಆಕಿ ಹೋಗೂದರೆ ತಪ್ಪತೈತಿ!” ಮಗಳು ಅತ್ತ ತಿರುಗಿದ್ದೇ ತಡ, ತಿಕೋಟಾದ ಆ ತಾಯಿ ನನ್ನ ಹತ್ತಿರ ಬಂದು ಪಿಸುಗುಟ್ಟಿದರು. ವಿಜಯಪುರದಲ್ಲಿ ಬ್ಯಾಗಿನ ಅಂಗಡಿ ಇಟ್ಟಿರುವ ನನಗೆ, ಮಾರಬೇಡಿ ಎಂದು ಬೇಡಿಕೊಂಡ ಗಿರಾಕಿ ಇವರೇ ಮೊದಲು.

ಮಗಳು ಕಾನೂನು ವಿದ್ಯಾರ್ಥಿನಿ. ವಲಸೆ ಕಾರ್ಮಿಕರ ಹಕ್ಕುಗಳಿಗಾಗಿ ದುಡಿಯುವ ಮಲೇಷ್ಯಾದ ಸಂಸ್ಥೆಯೊಂದರಲ್ಲಿ ಅವಳಿಗೆ ಇಂಟರ್ನ್‌ಶಿಪ್ ಸಿಕ್ಕಿತ್ತು. ತಾಯಿಯ ಪಿಸುಮಾತು ಅವಳಿಗೂ ಕೇಳಿಸಿತು.

“ಯವ್ವಾ, ದುಬೈದಾಗ ದುಡಿಯಾಕ ಹೋಗಿದ್ದ ಮಾಮಾನ ಪಾಸ್‌ಪೋರ್ಟ್ ಮಾಲಕ ಇಟಗೊಂಡು ಕುಂತಾಗ, ಮಾಮಾನ ಪರವಾಗಿ ಕೇಳಾಕ ಅಲ್ಲಿ ಯಾರರೆ ಇದ್ರೇನು? ಹಂಗ ಕೇಳೂದನ್ನ ಕಲಿಯಾಕ ಹೊಂಟೇನಿ ನಾ.”

ತಾಯಿ ಬ್ಯಾಗನ್ನು ಮಗುಚಿ ಗಾಲಿ ತಿರುಗಿಸಿದರು, ಜಿಪ್ಪು ಎಳೆದು ನೋಡಿದರು. ಆಮೇಲೆ ನನ್ನತ್ತ ತಿರುಗಿ, “ಬರೋಬ್ಬರಿ ರೇಟ್ ಹೇಳ್ರಿ. ಹೊರಗಿನವರಿಗೆ ಹೇಳೂದು ನಮಗ ಹೇಳಬ್ಯಾಡ್ರಿ!” ಎಂದರು.

ಚೌಕಾಸಿಗೆ ಇಳಿದವರು ಆಗಲೇ ಮನಸ್ಸು ಮಾಡಿರುತ್ತಾರೆ ಎಂಬುದು ವ್ಯಾಪಾರದಲ್ಲಿ ನಾನು ಕಲಿತದ್ದು. ಅಂದು ಬೇಕೆಂದೇ ಸೋತೆ. ಮಕ್ಕಳು ದೂರ ಹೊರಟಾಗ ಎಲ್ಲಿಗೆ ಎನ್ನುವ ಮೊದಲು ಯಾರಿಗಾಗಿ ಎಂದು ಕೇಳಿ ನೋಡಿ. ಮತ್ತೆ, ಬ್ಯಾಗನ್ನು ಮಾತ್ರ ಆ ತಾಯಿಯಂತೆ ಗಾಲಿ ತಿರುಗಿಸಿಯೇ ಕೊಳ್ಳಿ.