ಗಾಜಿನ ಕಪಾಟಿನ ಚಾವಿ

ಮಹಾಯುದ್ಧದ ಕಾಲದಲ್ಲಿ ನಾನು ಹೊನ್ನಾವರದ ಹೊಳೆಯಾಚೆ, ಭಟ್ಕಳದ ದಾರಿಯಲ್ಲಿದ್ದ ಒಂದು ಸಣ್ಣ ದವಾಖಾನೆಯಲ್ಲಿ ನರ್ಸಾಗಿದ್ದೆ. ಅಲ್ಲಿ ನಾವು ಮೂವರು: ಡಾಕ್ಟರು, ಕಂಪೌಂಡರು, ನಾನು. ನಮ್ಮೆಲ್ಲರಿಗಿಂತ ಹೆಚ್ಚು ಮರ್ಯಾದೆ ಇದ್ದದ್ದು ಗಾಜಿನ ಬಾಗಿಲಿನ ಕಪಾಟಿಗೆ. ಮುಂಬೈಯಿಂದ ಬಂದ ಒಳ್ಳೆಯ ಔಷಧಿಯೆಲ್ಲ ಅದರೊಳಗೆ. ಕಾರವಾರದಿಂದ ದೊಡ್ಡ ಸಾಹೇಬರು ತಪಾಸಣೆಗೆ ಬಂದಾಗ ಒಂದು ಬಾಟಲಿಯೂ ಕಮ್ಮಿ ಕಾಣಬಾರದೆಂದು ಅದರ ಚಾವಿ ಡಾಕ್ಟರ ಉಡಿದಾರದಲ್ಲಿರುತ್ತಿತ್ತು. ರೋಗಿಗಳಿಗೆ ಕಂಪೌಂಡರು ಕಲಸಿದ ಕೆಂಪು ನೀರು. ದೇವರು ಕೊಟ್ಟರೂ ಪೂಜಾರಿ ಕೊಡ ಅಂತಾರಲ್ಲ, ಹಾಗೆ. ಆ ಡಾಕ್ಟರಿಗೆ ಓದಿತ್ತು, ಕೈಗುಣವಿತ್ತು. ಮೇಲಿನವರ ಹೆಸರೆತ್ತಿದರೆ ಎರಡೂ ಇಳಿದುಹೋಗುತ್ತಿದ್ದವು.

ಸಾಹೇಬರು ಬರುವ ದಿನ ಬೆಳಿಗ್ಗೆ ಡಾಕ್ಟರು ಕೋಟು ಹಾಕಿಕೊಂಡು ಅವರನ್ನು ಎದುರುಗೊಳ್ಳಲು ಶರಾವತಿಯ ದೋಣಿಗಟ್ಟೆಗೆ ಹೋದರು, ಚಾವಿಯ ಸಮೇತ. ಆಗಲೇ ಒಬ್ಬ ಬಾಣಂತಿಯನ್ನು ಕಂಬಳಿಯಲ್ಲಿ ಹೊತ್ತು ತಂದರು. ಮನೆಯಲ್ಲೇ ಹೆತ್ತಿದ್ದಳು, ರಕ್ತ ನಿಂತಿರಲಿಲ್ಲ. ಹೊಟ್ಟೆ ನೀವಿದೆ, ಬಟ್ಟೆ ಒತ್ತಿದೆ. ರಕ್ತ ನಿಲ್ಲಿಸುವ ಇಂಜೆಕ್ಷನ್ನು ಗಾಜಿನ ಹಿಂದೆ, ಎರಡನೆಯ ಸಾಲಿನಲ್ಲಿ ಕಾಣುತ್ತಿತ್ತು. ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡ ಅತ್ತೆ ನನ್ನ ಮುಖವನ್ನೇ ನೋಡುತ್ತಿದ್ದಳು.

"ಚಾವಿ ಇಲ್ಲದೆ ಎಂತ ಮಾಡೂಕಾಗ್ತದೆ ಬಾಯೋರೆ? ಸಾಹೇಬ್ರು ನೋಡಿ ಹೋಗ್ಲಿ, ಆಮೇಲೆ ಕೊಡುವಾ" ಎಂದರು ಕಂಪೌಂಡರು. ಅವರು ಕೆಟ್ಟವರಲ್ಲ. ವರ್ಷಗಟ್ಟಲೆ ಆ ಕಪಾಟಿನ ಧೂಳು ಒರೆಸಿ ಒರೆಸಿ ಅದನ್ನು ದೇವರ ಗೂಡೆಂದೇ ನಂಬಿದ್ದರು. ನಾನು ಅವರ ಮೇಜಿನ ಮೇಲಿದ್ದ ಔಷಧಿ ಅರೆಯುವ ಕಲ್ಲಿನ ಗುಂಡನ್ನೆತ್ತಿ ಗಾಜಿಗೆ ಹೊಡೆದೆ.

ರಕ್ತ ನಿಂತಿತು. ಸಾಹೇಬರು ಬರುವಷ್ಟರಲ್ಲಿ ಅವಳು ಗಂಜಿತಿಳಿ ಗುಟುಕರಿಸುತ್ತಿದ್ದಳು. ಅವರು ಅವಳ ಮಂಚ ದಾಟಿ ಹೋಗಿ ಕಪಾಟಿನ ಮುಂದೆ ನಿಂತರು. ಗಾಜು ಹೇಗೆ ಒಡೆಯಿತೆಂದು ಮೂರು ಸಲ ಕೇಳಿದರು, ಅವಳು ಹೇಗಿದ್ದಾಳೆಂದು ಒಂದು ಸಲವೂ ಕೇಳಲಿಲ್ಲ. ಆ ಇಂಜೆಕ್ಷನ್ನಿನ ಗುಣವನ್ನು ನನಗಿಂತ ಚೆನ್ನಾಗಿ ಬಲ್ಲ ಡಾಕ್ಟರೇ ನನ್ನಿಂದ ತಪ್ಪೊಪ್ಪಿಗೆ ಬರೆಸಿಕೊಂಡರು. ನನಗೆ ಬಂದದ್ದು ಸಿಟ್ಟಲ್ಲ, ಹೇಸಿಗೆ. ಅದು ಇವತ್ತಿಗೂ ಹೋಗಿಲ್ಲ.

ಮಳೆಗಾಲದ ಮೊದಲು ಹೊಸ ಕಪಾಟು ಬಂತು. ಗಾಜಿಲ್ಲ; ಸಾಗುವಾನಿಯ ದಪ್ಪ ಹಲಗೆ, ದೊಡ್ಡ ಬೀಗ. ಔಷಧಿಗಳ ಜೊತೆಗೆ ಆ ಕಲ್ಲಿನ ಗುಂಡನ್ನೂ ಒಳಗಿಟ್ಟು, ಬೇಕಾದಾಗ ತನ್ನನ್ನು ಕೇಳಿ ಪಡೆಯಬೇಕೆಂದು ಡಾಕ್ಟರು ಹೇಳಿದರು.

ಅಂಥ ಇನ್ನೊಬ್ಬ ಬಾಣಂತಿ ಬಂದ ದಿನ ಅವರು ಕುಮಟೆಗೆ ಹೋಗಿದ್ದರು. ಅವಳ ಕೂಸನ್ನಷ್ಟೇ ಜೀವಂತ ಮನೆಗೆ ಕಳಿಸಿದೆ.