ಫ್ರಿಜ್ಜಿನಲ್ಲಿಟ್ಟ ಏರೋಪ್ಲೇನ್ ಚಿಟ್ಟೆ

ಹೊಸಮನೆಯ ರುದ್ರೇಶನಿಗೆ ತಾಳ್ಮೆ ಎಂಬುದು ಹುಟ್ಟಿನಿಂದಲೇ ಇಲ್ಲ. ಹಾರ್ಡ್‌ವೇರ್ ಅಂಗಡಿಯಲ್ಲಿ ಗಿರಾಕಿ ಎರಡು ಸಲ ಬೆಲೆ ಕೇಳಿದರೆ ಸಿಡುಕುವ ಆಸಾಮಿ. ಇಂಥವನಿಗೆ ಹುಳುಹುಪ್ಪಟೆಗಳ ಫೋಟೋ ತೆಗೆಯುವ ಹುಚ್ಚು ಹತ್ತಿದ್ದೇ ಒಂದು ತಮಾಷೆ.

ಹೋದ ವರ್ಷ ಕೊಂಡ ಕ್ಯಾಮೆರಾ ಅವನ ತಲೆ ಕೆಡಿಸಿತು. ಪುಟ್ಟ ಹುಳುವನ್ನು ಹತ್ತಿರದಿಂದ ತೆಗೆದರೆ ಕಣ್ಣು ಸ್ಪಷ್ಟವಾಗಿ ಬಾಲ ಮಸುಕಾಗುತ್ತದೆ. ಈ ಕ್ಯಾಮೆರಾ ಫೋಕಸನ್ನು ಕೂದಲೆಳೆಯಷ್ಟು ಸರಿಸುತ್ತ ಹದಿನೈದು ಫೋಟೋ ತೆಗೆದು, ಎಲ್ಲವನ್ನೂ ತನ್ನೊಳಗೇ ಕೂಡಿಸಿ ಒಂದೇ ಚಿತ್ರ ಮಾಡಿ ಕೊಡುತ್ತಿತ್ತು. ಮೂತಿಯಿಂದ ಬಾಲದ ತುದಿಯವರೆಗೂ ಸ್ಪಷ್ಟ. ಆದರೆ ಅಷ್ಟೂ ಹೊತ್ತು ಹುಳು ಮಿಸುಕಬಾರದು.

ಗಾಜನೂರಿನ ನಾಲೆಯ ಪಕ್ಕ ನಾಲ್ಕು ಭಾನುವಾರ ಕೂತ. ಪ್ರತಿ ಸಲವೂ ಚಿತ್ರದಲ್ಲಿ ಚಿಟ್ಟೆಗೆ ಎರಡು ತಲೆ! ಐದನೆಯ ಭಾನುವಾರ ಕೆಂಪು ಏರೋಪ್ಲೇನ್ ಚಿಟ್ಟೆಯೊಂದನ್ನು ಹಿಡಿದು, ಡಬ್ಬಿಗೆ ಹಾಕಿ ಮನೆಯ ಫ್ರಿಜ್ಜಿನಲ್ಲಿಟ್ಟ. ಚಳಿಗೆ ಮರಗಟ್ಟಿದರೆ ಕೂತಲ್ಲೇ ಕೂರುತ್ತದೆಂದು ಯಾರೋ ಹೇಳಿದ್ದರು.

ಪೂಜೆಗೆ ಹೂವು ತೆಗೆಯಲು ಬಂದ ತಾಯಿ ದಾಕ್ಷಾಯಣಮ್ಮ ಡಬ್ಬಿ ತೆರೆದು ನೋಡಿದರು.

“ಜೀವ ಇರೋದನ್ನ ತಂದು ಹೂವಿನ ಪಕ್ಕ ಇಟ್ಟಿದೀಯಲ್ಲೋ!”

“ಹತ್ತು ನಿಮಿಷ ಅಷ್ಟೇ ಅಮ್ಮ. ಆಮೇಲೆ ಬಿಟ್ಬಿಡ್ತೀನಿ.”

ತಾರಸಿಯ ಮೇಲೆ ಒಂದು ಕಡ್ಡಿಗೆ ಅದನ್ನು ಕೂರಿಸಿ, ಇಸ್ತ್ರಿಗೆ ನೀರು ಚಿಮುಕಿಸುವ ಬಾಟಲಿಯಿಂದ ಇಬ್ಬನಿಯನ್ನೂ ತಾನೇ ತಯಾರಿಸಿದ. ಚಿತ್ರ ಅದ್ಭುತವಾಗಿ ಬಂತು. ಚಿಟ್ಟೆ ಮಾತ್ರ ಹಾರಲಿಲ್ಲ. ಸಂಜೆ ದಾಕ್ಷಾಯಣಮ್ಮನೇ ಅದನ್ನು ಹೂಕುಂಡದ ಮಣ್ಣಿನಲ್ಲಿ ಮುಚ್ಚಿದರು.

ಭದ್ರಾವತಿಯ ಫೋಟೋ ಸ್ಪರ್ಧೆಯಲ್ಲಿ ಆ ಚಿತ್ರಕ್ಕೇ ಮೊದಲ ಬಹುಮಾನ. ತೀರ್ಪುಗಾರ್ತಿ ಸರಸ್ವತಿ ಮೇಡಂ ನಿವೃತ್ತ ವಿಜ್ಞಾನ ಶಿಕ್ಷಕಿ. ಎದುರಿಗಿದ್ದ ಮಕ್ಕಳನ್ನು ತೋರಿಸಿ ರುದ್ರೇಶನ ಕೈಗೆ ಮೈಕು ಕೊಟ್ಟರು.

“ಇದು ಇಷ್ಟು ಹೊತ್ತು ಹೇಗೆ ಸುಮ್ನೆ ಕೂತಿತ್ತು ಅಂತ ಇವರಿಗೆ ಸ್ವಲ್ಪ ಹೇಳಿ.”

ನಿಜ ಹೇಳಿದ್ದರೆ ಬಹುಮಾನ ಹೋಗುತ್ತಿತ್ತು, ಅಷ್ಟೇ. ರುದ್ರೇಶನ ನಾಲಿಗೆ ಮಾತ್ರ ಸರಾಗವಾಗಿ ಓಡಿತು. “ಬೆಳಗಿನ ಜಾವಕ್ಕೇ ಹೋಗಿ ಕಾದೆ ಮೇಡಂ. ಜೀವಿಗಳಿಗೆ ತೊಂದರೆ ಕೊಡಬಾರದು. ನಾವು ತಾಳ್ಮೆಯಿಂದಿದ್ರೆ ಅವೂ ನಮ್ಮನ್ನ ನಂಬುತ್ವೆ.”

ಚಪ್ಪಾಳೆ ಬಿತ್ತು. ಮುಂದಿನ ಸಾಲಿನಲ್ಲಿದ್ದ ಅಮ್ಮನ ಕಡೆ ನೋಡುವ ಧೈರ್ಯ ಅವನಿಗಾಗಲಿಲ್ಲ. ಶಾಲು ಹೊದಿಸಿದಾಗ ಎಲ್ಲಾದರೂ ಅಡಗಿಕೊಳ್ಳೋಣ ಎನ್ನುವಷ್ಟು ನಾಚಿಕೆಯಾಯಿತು.

ಕೆಳಗಿಳಿದು ಬರುವಾಗ ಸರಸ್ವತಿ ಮೇಡಂ ಅಮ್ಮನ ಕೈ ಹಿಡಿದು ನಿಂತಿದ್ದರು. “ಏನು ತಾಳ್ಮೆ ನಿಮ್ಮ ಮಗನದು! ನಿಜವಾಗ್ಲೂ ಅಷ್ಟು ಬೇಗ ಹೋಗಿದ್ರಾ?”

ದಾಕ್ಷಾಯಣಮ್ಮ ದಿನಾ ವಿಭೂತಿ ಇಡದೆ ನೀರೂ ಮುಟ್ಟದ ಹೆಂಗಸು. ಹಾಲಿನವನಿಗೂ ಒಂದು ಸುಳ್ಳು ಹೇಳಿದವರಲ್ಲ. ಮಗನ ಮುಖವನ್ನೊಮ್ಮೆ ನೋಡಿ, “ಹೌದಮ್ಮ, ಕಾಫಿ ಸಹ ಕುಡೀದೆ ಹೋಗಿದ್ದ” ಎಂದರು.

ಮನೆಗೆ ಮರಳುವ ಬಸ್ಸು ಮಲವಗೊಪ್ಪ ದಾಟಿತು. ರುದ್ರೇಶ ಅಮ್ಮನ ಕಡೆ ತಿರುಗಿದ.

“ನಾಳೆ ಮೇಡಂಗೆ ಫೋನ್ ಮಾಡಿ ನಿಜ ಹೇಳಿಬಿಡ್ತೀನಿ ಅಮ್ಮ.”

ದಾಕ್ಷಾಯಣಮ್ಮ ಕಿಟಕಿಯಿಂದ ಮುಖ ತಿರುಗಿಸಲಿಲ್ಲ.

“ಹೇಳು. ನಾನು ಹೇಳಿದ ಸುಳ್ಳನ್ನೂ ಸೇರಿಸಿ ಹೇಳು.”